ಕೊಬ್ಬು ಸುಮ್ಮನೆ ಕೂತಿಲ್ಲ: ಸೊಂಟದ ಸುತ್ತಲಿನ ಹಾರ್ಮೋನು ಕಾರ್ಖಾನೆ ಕೆಲಸ ಮಾಡುವುದು ಹೇಗೆ?

ಇಂಜಿನಿಯರಿಂಗ್ ಮುಗಿಸಿ ಕೋಡ್ ಬರೆಯುತ್ತಿದ್ದ ದಿನಗಳಲ್ಲಿ ನಮ್ಮ ಕಂಪನಿಯಲ್ಲಿ ವರ್ಷಕ್ಕೊಮ್ಮೆ ಹೆಲ್ತ್ ಕ್ಯಾಂಪ್ ನಡೆಯುತ್ತಿತ್ತು. ಎತ್ತರ, ತೂಕ ಅಳೆದು ಬಿಎಂಐ ಲೆಕ್ಕ ಹಾಕಿ, ಕಾರ್ಡಿನ ಮೇಲೆ ಬಣ್ಣದ ಸ್ಟಿಕ್ಕರ್ ಅಂಟಿಸಿ ಕೊಡುತ್ತಿದ್ದರು. ನನಗೆ ಹಸಿರು. ಪಕ್ಕದ ಸೀಟಿನ ಗೆಳೆಯನಿಗೆ ಕೆಂಪು, ಜೊತೆಗೆ ‘ಸ್ವಲ್ಪ ಬಾಯಿ ಕಟ್ಟಿ ಸಾರ್’ ಅನ್ನೋ ಪುಕ್ಕಟೆ ಉಪದೇಶ. ಅವತ್ತು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವನು ತಲೆ ತಗ್ಗಿಸಿ ಸೌತೆಕಾಯಿ ತಿಂದ. ನಾನು ಎರಡನೇ ಸಲ ಅನ್ನ ಹಾಕಿಸಿಕೊಂಡೆ.

ವಾರದ ನಂತರ ರಕ್ತಪರೀಕ್ಷೆಯ ರಿಪೋರ್ಟ್ ಬಂತು. ಅವನ ಸಕ್ಕರೆ ನಾರ್ಮಲ್. ಹಿಂದಿನ ಮೂರು ತಿಂಗಳ ಸಕ್ಕರೆಯ ಅಂದಾಜು ಕೊಡುವ ಎಚ್‌ಬಿಎ1ಸಿ ನನಗೆ 6.1 ಬಂದಿತ್ತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದೀರಿ ಅಂತ ಅರ್ಥ. ಹಸಿರು ಸ್ಟಿಕ್ಕರ್ ಇನ್ನೂ ನನ್ನ ಡೆಸ್ಕ್ ಮೇಲೇ ಇತ್ತು.

ಈ ವಿಚಿತ್ರಕ್ಕೆ ಉತ್ತರ ಇರುವುದು ನಾವೆಲ್ಲ ಬೈದುಕೊಳ್ಳುವ, ಮುಚ್ಚಿಟ್ಟುಕೊಳ್ಳುವ, ಜಿಮ್ಮಿಗೆ ದುಡ್ಡು ಕಟ್ಟಿ ಕರಗಿಸಲು ನೋಡುವ ಕೊಬ್ಬಿನಲ್ಲಿ. ಹಸಿವೆಷ್ಟು, ಸಕ್ಕರೆ ಎಲ್ಲಿಗೆ ಹೋಗಬೇಕು, ಹುಡುಗಿಯೊಬ್ಬಳು ಯಾವಾಗ ಮೈನೆರೆಯಬೇಕು ಅನ್ನುವುದರಲ್ಲೆಲ್ಲ ಕೊಬ್ಬಿನ ಕೋಶಗಳ ಮಾತು ನಡೆಯುತ್ತದೆ. ಆ ಮಾತು ಹಾರ್ಮೋನುಗಳ ಮೂಲಕ ಹೋಗುತ್ತದೆ. ಯಾವ ಹಾರ್ಮೋನು ಯಾವಾಗ ಎಷ್ಟು ಬಿಡುಗಡೆಯಾಗಬೇಕು ಅನ್ನೋದು ತೀರ್ಮಾನವಾಗುವ ರೀತಿ ಗೊತ್ತಾದರೆ, ‘ಬಾಯಿ ಕಟ್ಟಿ’ ಅನ್ನುವ ಉಪದೇಶ ಎಷ್ಟು ಅರ್ಧಂಬರ್ಧ ಅಂತ ತಿಳಿಯುತ್ತದೆ.

ಗೋದಾಮಿಗೆ ಬಾಯಿ ಬಂದ ಕಥೆ

ಬಹಳ ಕಾಲ ವಿಜ್ಞಾನಿಗಳು ಕೊಬ್ಬನ್ನು ಗೋದಾಮು ಅಂತಲೇ ನೋಡಿದರು. ಉಂಡು ಉಳಿದದ್ದನ್ನು ತುಂಬಿಡುವುದು, ಬೇಕಾದಾಗ ತೆಗೆಯುವುದು, ಅಷ್ಟೇ ಅದರ ಕೆಲಸ ಅಂತ.

1949ರಲ್ಲಿ ಅಮೆರಿಕದ ಮೇಯ್ನ್ ರಾಜ್ಯದ ಜಾಕ್ಸನ್ ಲ್ಯಾಬೊರೇಟರಿಯಲ್ಲಿ ಒಂದು ಇಲಿ ಕಣ್ಣಿಗೆ ಬಿತ್ತು. ತಿಂದಷ್ಟೂ ಹಸಿವು, ಮಾಮೂಲಿ ಇಲಿಗಿಂತ ಹಲವು ಪಟ್ಟು ಗಾತ್ರ. ಅದಕ್ಕೆ ‘ಓಬಿ’ ಇಲಿ ಅಂತ ಹೆಸರಿಟ್ಟರು. 1960ರ ದಶಕದಲ್ಲಿ ಅದೇ ಲ್ಯಾಬಿನಲ್ಲಿ ಇನ್ನೊಂದು ತಳಿ ಸಿಕ್ಕಿತು: ದಪ್ಪಗಿದ್ದು, ಜೊತೆಗೆ ತೀವ್ರ ಸಕ್ಕರೆ ಕಾಯಿಲೆಯೂ ಇದ್ದ ‘ಡಿಬಿ’ ಇಲಿ.

ಅಲ್ಲಿನ ಡಗ್ಲಸ್ ಕೋಲ್ಮನ್ ಒಂದು ಕ್ರೂರ, ಆದರೆ ಕಣ್ತೆರೆಸುವ ಪ್ರಯೋಗ ಮಾಡಿದರು. ಎರಡು ಇಲಿಗಳ ಮೈ ಸೇರಿಸಿ ಹೊಲಿದು, ಒಂದರ ರಕ್ತ ಇನ್ನೊಂದಕ್ಕೆ ಹರಿಯುವಂತೆ ಮಾಡಿದರು. ಡಿಬಿ ಇಲಿಯ ಜೊತೆ ಸೇರಿಸಿದ ಮಾಮೂಲಿ ಇಲಿ ಊಟ ಬಿಟ್ಟು ಸತ್ತಿತು. ಡಿಬಿ ಜೊತೆ ಸೇರಿಸಿದ ಓಬಿ ಇಲಿಯೂ ಊಟ ಬಿಟ್ಟಿತು. ಡಿಬಿ ಇಲಿಗೆ ಮಾತ್ರ ಏನೂ ಆಗಲಿಲ್ಲ, ಅದು ತಿನ್ನುತ್ತಲೇ ಇತ್ತು. ಕೋಲ್ಮನ್ ಲೆಕ್ಕ ಸರಳವಾಗಿತ್ತು. ರಕ್ತದಲ್ಲಿ ‘ಸಾಕು’ ಅಂತ ಹೇಳುವ ಒಂದು ವಸ್ತು ಹರಿಯುತ್ತಿದೆ. ಓಬಿ ಇಲಿಗೆ ಅದನ್ನು ತಯಾರಿಸಲು ಬರಲ್ಲ. ಡಿಬಿ ಇಲಿ ಅದನ್ನು ವಿಪರೀತ ತಯಾರಿಸುತ್ತದೆ, ಆದರೆ ಅದನ್ನು ಓದಲು ಬರಲ್ಲ.

ಆ ವಸ್ತು ಯಾವುದು ಅಂತ ಗೊತ್ತಾಗಿದ್ದು 1994ರ ಡಿಸೆಂಬರ್‌ನಲ್ಲಿ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಓಬಿ ಜೀನ್ ಹಿಡಿಯಿತು. ಆ ಜೀನ್ ತಯಾರಿಸುವ ಹಾರ್ಮೋನು ಹೊರಡುತ್ತಿದ್ದದ್ದು ಮಿದುಳಿನಿಂದಲೂ ಅಲ್ಲ, ಹೊಟ್ಟೆಯಿಂದಲೂ ಅಲ್ಲ, ಕೊಬ್ಬಿನ ಕೋಶದಿಂದಲೇ. ತೆಳ್ಳಗೆ ಅನ್ನುವ ಅರ್ಥದ ಗ್ರೀಕ್ ಪದ ‘ಲೆಪ್ಟೋಸ್’ನಿಂದ ಅದಕ್ಕೆ ಲೆಪ್ಟಿನ್ ಅಂತ ಹೆಸರಾಯಿತು.

ಇಲಿಯ ಕಥೆ ಮನುಷ್ಯರಿಗೂ ಹೊಂದುತ್ತದಾ? 1997ರಲ್ಲಿ ಕೇಂಬ್ರಿಡ್ಜ್‌ನ ಸ್ಟೀಫನ್ ಒರಾಹಿಲಿ, ಸದಾಫ್ ಫರೂಕಿ ಅವರಿದ್ದ ತಂಡ ಪಾಕಿಸ್ತಾನ ಮೂಲದ ಒಂದೇ ಕುಟುಂಬದ ಇಬ್ಬರು ಮಕ್ಕಳ ಬಗ್ಗೆ ಬರೆಯಿತು. 8 ವರ್ಷದ ಹುಡುಗಿ 86 ಕೆಜಿ, ಅವಳ ಚಿಕ್ಕ ಸಂಬಂಧಿ 2 ವರ್ಷದ ಹುಡುಗ 29 ಕೆಜಿ. ಇಬ್ಬರ ರಕ್ತದಲ್ಲೂ ಲೆಪ್ಟಿನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹುಡುಗಿಗೆ ದಿನಾ ಲೆಪ್ಟಿನ್ ಇಂಜೆಕ್ಷನ್ ಶುರು ಮಾಡಿದ ಮೇಲೆ 12 ತಿಂಗಳಲ್ಲಿ 16 ಕೆಜಿಗೂ ಹೆಚ್ಚು ಇಳಿದಳು. ಯಾರೂ ಅವಳಿಗೆ ಡಯಟ್ ಮಾಡಿಸಲಿಲ್ಲ, ಹಸಿವೇ ಹದಕ್ಕೆ ಬಂತು. ಅಲ್ಲಿಯವರೆಗೆ ಅಂಥ ಮಕ್ಕಳನ್ನು ಜನ ಏನಂತ ಕರೆದಿರಬಹುದು ಅಂತ ಒಮ್ಮೆ ಯೋಚಿಸಿ. ಹೊಟ್ಟೆಬಾಕ, ಅಪ್ಪ ಅಮ್ಮ ಹದ್ದುಬಸ್ತಿನಲ್ಲಿಟ್ಟು ಬೆಳೆಸಿಲ್ಲ, ಇತ್ಯಾದಿ.

ಲೆಪ್ಟಿನ್ ಬಿಡುಗಡೆಯ ಸ್ವಿಚ್ ಯಾರ ಕೈಯಲ್ಲಿದೆ?

ಕಂಟ್ರೋಲ್ ಸಿಸ್ಟಮ್ಸ್ ಪೇಪರನ್ನು ಕಷ್ಟಪಟ್ಟು ಪಾಸ್ ಮಾಡಿದವನು ನಾನು. ಆದರೂ ಇದನ್ನು ನಮ್ಮ ಮನೆಯ ಮೇಲಿನ ನೀರಿನ ಟ್ಯಾಂಕ್ ಇಟ್ಟುಕೊಂಡು ಹೇಳಬಹುದು. ಟ್ಯಾಂಕಿನಲ್ಲಿ ನೀರೆಷ್ಟಿದೆ ಅಂತ ಸೆನ್ಸರ್ ಹೇಳುತ್ತದೆ, ಅದನ್ನು ನೋಡಿ ಮೋಟರ್ ಆನ್ ಅಥವಾ ಆಫ್ ಆಗುತ್ತದೆ. ಇಲ್ಲಿ ಕೊಬ್ಬು ಟ್ಯಾಂಕ್, ಲೆಪ್ಟಿನ್ ಸೆನ್ಸರಿನ ಸಿಗ್ನಲ್, ಮೋಟರಿನ ಸ್ವಿಚ್ ಇರುವುದು ಮಿದುಳಿನ ತಳದಲ್ಲಿರುವ ಹೈಪೋಥಲಾಮಸ್‌ನಲ್ಲಿ.

ಸಿಗ್ನಲ್ ಎಷ್ಟು ಜೋರಾಗಿರಬೇಕು ಅನ್ನೋದನ್ನು ಹಲವು ಸಂಗತಿಗಳು ಒಟ್ಟಿಗೆ ನಿರ್ಧರಿಸುತ್ತವೆ.

ಮೊದಲನೆಯದು ಕೋಶದ ಗಾತ್ರ. ಒಳಗೆ ಕೊಬ್ಬು ತುಂಬಿ ಉಬ್ಬಿದ ಕೋಶ ಹೆಚ್ಚು ಲೆಪ್ಟಿನ್ ತಯಾರಿಸುತ್ತದೆ, ಕುಗ್ಗಿದ ಕೋಶ ಕಡಿಮೆ. ಹಾಗಾಗಿ ಒಟ್ಟು ಕೊಬ್ಬು ಹೆಚ್ಚಾದಂತೆ ರಕ್ತದ ಲೆಪ್ಟಿನ್ನೂ ಏರುತ್ತದೆ.

ಎರಡನೆಯದು ಇನ್ಸುಲಿನ್. ಊಟವಾದ ಮೇಲೆ ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುತ್ತದೆ. ಕೊಬ್ಬಿನ ಕೋಶಕ್ಕೆ ಸಕ್ಕರೆ ಒಳಗೆಳೆದುಕೊಳ್ಳಲು ಹೇಳುವ ಇನ್ಸುಲಿನ್, ಲೆಪ್ಟಿನ್ ತಯಾರಿಯನ್ನೂ ಹೆಚ್ಚಿಸುತ್ತದೆ. ಇದು ತಟ್ಟೆ ಮುಂದೆ ಕೂತಿದ್ದಾಗಲೇ ಆಗುವ ಕೆಲಸವಲ್ಲ, ಗಂಟೆಗಟ್ಟಲೆ ಹಿಡಿಯುತ್ತದೆ. ದಿನದ ಲೆಕ್ಕದಲ್ಲಿ ಲೆಪ್ಟಿನ್ ಮೇಲೇರುವುದು ರಾತ್ರಿ ನಾವು ಮಲಗಿದ ಮೇಲೆ.

ಮೂರನೆಯದು ನರಗಳು. ಮೈ ಒತ್ತಡದಲ್ಲಿದ್ದಾಗ ಚುರುಕಾಗುವ ನರಜಾಲದ ತುದಿಗಳು ಕೊಬ್ಬಿನೊಳಗೂ ಇವೆ. ಅವು ಬಿಡುವ ನಾರ್‌ಅಡ್ರಿನಲಿನ್ ಎರಡು ಕೆಲಸ ಮಾಡುತ್ತದೆ: ಕೊಬ್ಬನ್ನು ಕರಗಿಸಿ ಹೊರಗೆ ಕಳಿಸುವುದು, ಲೆಪ್ಟಿನ್ ಬಿಡುಗಡೆಗೆ ಬ್ರೇಕ್ ಹಾಕುವುದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಒಂದೂವರೆ ದಿನ ಪೂರ್ತಿ ಉಪವಾಸ ಇದ್ದರೆ ಮೈಯಲ್ಲಿನ ಕೊಬ್ಬು ಕರಗುವುದು ಅತ್ಯಲ್ಪ. ಲೆಪ್ಟಿನ್ ಮಾತ್ರ ಅರ್ಧಕ್ಕಿಂತ ಕೆಳಗೆ ಜಾರುತ್ತದೆ. ಟ್ಯಾಂಕಿನಲ್ಲಿ ಮುಕ್ಕಾಲು ಪಾಲು ನೀರಿದ್ದಾಗಲೇ ಸೆನ್ಸರ್ ‘ಖಾಲಿಯಾಗ್ತಿದೆ, ಖಾಲಿಯಾಗ್ತಿದೆ’ ಅಂತ ಕೂಗಿಕೊಂಡ ಹಾಗೆ. ಆ ಕೂಗು ಕೇಳಿದ ಮಿದುಳು ಹಸಿವು ಹೆಚ್ಚಿಸುತ್ತದೆ, ಥೈರಾಯ್ಡ್ ನಿಧಾನ ಮಾಡುತ್ತದೆ, ರೋಗನಿರೋಧಕ ವ್ಯವಸ್ಥೆಯ ಖರ್ಚು ಕಡಿತ ಮಾಡುತ್ತದೆ, ಹೆಣ್ಣಿನ ಮೈಯಲ್ಲಾದರೆ ಮುಟ್ಟನ್ನೂ ನಿಲ್ಲಿಸಬಲ್ಲದು. ಅತಿಯಾದ ವ್ಯಾಯಾಮ, ಅತಿ ಕಡಿಮೆ ಊಟದಿಂದ ಮುಟ್ಟು ನಿಂತಿದ್ದ ಮಹಿಳೆಯರಿಗೆ ಲೆಪ್ಟಿನ್ ಕೊಟ್ಟು ನೋಡಿದ ಸಣ್ಣ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅವರಲ್ಲಿ ಹಲವರಿಗೆ ಅಂಡೋತ್ಪತ್ತಿಯ ಚಕ್ರ ಮತ್ತೆ ಶುರುವಾಗಿತ್ತು.

ಅಂದರೆ ಈ ವ್ಯವಸ್ಥೆ ರೂಪುಗೊಂಡಿರುವುದು ಬರಗಾಲಕ್ಕೆ. ನಮ್ಮನ್ನು ದಪ್ಪವಾಗದಂತೆ ಕಾಯುವುದಕ್ಕಿಂತ ಸಾಯದಂತೆ ಕಾಯುವುದೇ ಅದರ ಮೊದಲ ಕೆಲಸ.

ಸಿಗ್ನಲ್ ಜೋರಾಗಿದೆ, ಮಿದುಳು ಯಾಕೆ ಕೇಳಲ್ಲ?

ಲೆಪ್ಟಿನ್ ಸಿಕ್ಕಿದ ಕೂಡಲೇ ಔಷಧ ಮಾರುಕಟ್ಟೆ ಕುಣಿದಾಡಿತು. 1995ರಲ್ಲಿ ಆಮ್ಜೆನ್ ಕಂಪನಿ ಅದರ ಹಕ್ಕಿಗೆ ಆರಂಭದಲ್ಲೇ 2 ಕೋಟಿ ಡಾಲರ್ ಕೊಟ್ಟಿತು. ಇಂಜೆಕ್ಷನ್ ಕೊಟ್ಟರೆ ಬೊಜ್ಜು ಮಾಯ ಅನ್ನೋ ಲೆಕ್ಕಾಚಾರ. ಆದರೆ 1999ರಲ್ಲಿ ಬಂದ ಕ್ಲಿನಿಕಲ್ ಟ್ರಯಲ್ ಫಲಿತಾಂಶ ಸಪ್ಪೆಯಾಗಿತ್ತು. ಕಾರಣ, ದಪ್ಪಗಿರುವ ಬಹುತೇಕರಿಗೆ ಲೆಪ್ಟಿನ್ ಕೊರತೆ ಇಲ್ಲ, ಬೇಕಾದ್ದಕ್ಕಿಂತ ಹೆಚ್ಚೇ ಇದೆ. ಅವರು ಓಬಿ ಇಲಿಗಿಂತ ಡಿಬಿ ಇಲಿಗೆ ಹತ್ತಿರ. ಲೆಪ್ಟಿನ್ ಮಟ್ಟ ಬಹುಕಾಲ ಏರಿಯೇ ಇದ್ದರೆ ಮಿದುಳು ಅದಕ್ಕೆ ಸ್ಪಂದಿಸುವುದು ಕಡಿಮೆಯಾಗುತ್ತದೆ. ಬೀದಿಯಲ್ಲಿ ದಿನವಿಡೀ ಮೈಕ್ ಕಿರುಚುತ್ತಿದ್ದರೆ ಮನೆಯವರು ಕಿಟಕಿ ಹಾಕಿಕೊಳ್ಳುವುದಿಲ್ಲವೇ, ಹಾಗೆ.

ಹಾಗಾದರೆ ಕಷ್ಟಪಟ್ಟು ತೂಕ ಇಳಿಸಿದವರ ಗತಿ? ಕೊಲಂಬಿಯಾ ವಿಶ್ವವಿದ್ಯಾಲಯದ ರುಡಾಲ್ಫ್ ಲೈಬಲ್ ಮತ್ತು ಮೈಕೆಲ್ ರೋಸೆನ್‌ಬಾಮ್ ತೂಕದ 10% ಇಳಿಸಿಕೊಂಡವರನ್ನು ಅಳೆದು ನೋಡಿದರು. ಅವರ ಮೈ ಖರ್ಚು ಮಾಡುವ ಶಕ್ತಿ, ಇಳಿದ ತೂಕಕ್ಕೆ ತಕ್ಕಷ್ಟಲ್ಲ, ಅದಕ್ಕಿಂತಲೂ ಹೆಚ್ಚು ಇಳಿದಿತ್ತು. ಲೆಪ್ಟಿನ್ನನ್ನು ಹಳೆಯ ಮಟ್ಟಕ್ಕೆ ತಂದಾಗ ಆ ಇಳಿಕೆ ಬಹುಪಾಲು ಸರಿಹೋಯಿತು. 2011ರಲ್ಲಿ ಮೆಲ್ಬರ್ನ್‌ನ ತಂಡವೊಂದು ತೋರಿಸಿದ್ದು ಇನ್ನೂ ಕಹಿ: ತೂಕ ಇಳಿಸಿ ಒಂದು ವರ್ಷವಾದ ಮೇಲೂ ಲೆಪ್ಟಿನ್ ಮತ್ತು ಹಸಿವಿನ ಇತರ ಹಾರ್ಮೋನುಗಳು ಹಳೆಯ ಸ್ಥಿತಿಗೆ ಬಂದಿರಲಿಲ್ಲ. ಅವರಿಗೆ ಮೊದಲಿಗಿಂತ ಹೆಚ್ಚು ಹಸಿವಾಗುತ್ತಲೇ ಇತ್ತು.

ಇದಕ್ಕೆ ಇನ್ನೊಂದು ಎಳೆ ಸೇರಿಸಬೇಕು. 2008ರಲ್ಲಿ ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ಕರ್ಸ್ಟಿ ಸ್ಪಾಲ್ಡಿಂಗ್ ತಂಡ ಕೊಬ್ಬಿನ ಕೋಶಗಳ ವಯಸ್ಸು ಪತ್ತೆ ಮಾಡಿತು. ಅದಕ್ಕೆ ಬಳಸಿದ್ದು ಶೀತಲ ಸಮರದ ಕಾಲದ ಅಣುಬಾಂಬ್ ಪರೀಕ್ಷೆಗಳು ಗಾಳಿಗೆ ತುಂಬಿದ ಕಾರ್ಬನ್-14 ಗುರುತನ್ನು! ಗೊತ್ತಾಗಿದ್ದೇನೆಂದರೆ, ಕೊಬ್ಬಿನ ಕೋಶಗಳ ಸಂಖ್ಯೆ ಬಾಲ್ಯ, ಹದಿಹರೆಯದಲ್ಲೇ ಹೆಚ್ಚುಕಡಿಮೆ ನಿಗದಿಯಾಗುತ್ತದೆ. ಆಮೇಲೆ ವರ್ಷಕ್ಕೆ ಸುಮಾರು 10% ಕೋಶ ಸಾಯುತ್ತವೆ, ಅಷ್ಟೇ ಹೊಸವು ಹುಟ್ಟುತ್ತವೆ. ತೂಕ ಇಳಿಸಿದಾಗ ಕೋಶಗಳು ಕುಗ್ಗುತ್ತವೆಯೇ ಹೊರತು ಸಂಖ್ಯೆಯಲ್ಲಿ ಕಡಿಮೆಯಾಗುವುದಿಲ್ಲ. ಕುಗ್ಗಿದ ಅಷ್ಟೂ ಕೋಶಗಳು ಕಡಿಮೆ ಲೆಪ್ಟಿನ್ ಬಿಡುತ್ತಾ ಕೂತಿರುತ್ತವೆ. ಇಳಿದ ತೂಕ ವಾಪಸ್ ಬಂದರೆ ಅದು ಆ ವ್ಯಕ್ತಿಯ ಸೋಮಾರಿತನ ಅಂತ ಷರಾ ಬರೆಯುವ ಮುನ್ನ ಈ ಲೆಕ್ಕವನ್ನೂ ನೋಡಬೇಕು.

ಗೇಟ್ ಪಾಸ್ ಇಲ್ಲದೆ ಹೊರಗೆ ಬಿಡಲ್ಲ

ಕೊಬ್ಬು ಬಿಡುವ ಇನ್ನೊಂದು ದೊಡ್ಡ ಹಾರ್ಮೋನು ಅಡಿಪೊನೆಕ್ಟಿನ್. 1995ರಲ್ಲಿ ಫಿಲಿಪ್ ಶೆರರ್ ಮತ್ತು ಸಂಗಡಿಗರು ಇದನ್ನು ಮೊದಲು ವಿವರಿಸಿದರು. ಇದು ಲಿವರ್ ಮತ್ತು ಸ್ನಾಯುಗಳು ಇನ್ಸುಲಿನ್ ಮಾತು ಕೇಳುವಂತೆ ನೋಡಿಕೊಳ್ಳುತ್ತದೆ. ಹಾಗಾಗಿ ಇದು ಹೆಚ್ಚಿದ್ದಷ್ಟೂ ಸಾಮಾನ್ಯವಾಗಿ ಸಕ್ಕರೆ ಹತೋಟಿಯಲ್ಲಿರುತ್ತದೆ.

ವಿಚಿತ್ರ ನೋಡಿ. ಕೊಬ್ಬೇ ತಯಾರಿಸುವ ಹಾರ್ಮೋನು ಇದು, ಆದರೆ ಕೊಬ್ಬು ಹೆಚ್ಚಾದರೆ ಇದು ಕಡಿಮೆಯಾಗುತ್ತದೆ! ಕಾರಣದ ಒಂದು ಭಾಗ ಕೋಶದೊಳಗಿನ ತಪಾಸಣೆಯಲ್ಲಿದೆ. ಅಡಿಪೊನೆಕ್ಟಿನ್ ಬಿಡಿಯಾಗಿ ಹೊರಬರುವುದಿಲ್ಲ. ಮೂರು ಸೇರಿ ಒಂದು ಕಟ್ಟು, ಎರಡು ಕಟ್ಟು ಸೇರಿ ಆರು, ಆಮೇಲೆ ಹನ್ನೆರಡು ಅಥವಾ ಅದಕ್ಕೂ ಹೆಚ್ಚಿನ ದೊಡ್ಡ ಗೊಂಚಲು. ಸಕ್ಕರೆಯ ಹತೋಟಿಗೂ ಹೆಚ್ಚು ನಂಟಿರುವುದು ದೊಡ್ಡ ಗೊಂಚಲಿಗೇ. ಜೋಡಣೆ ನಡೆಯುವ ಕೋಣೆಯ ಹೆಸರು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್. ಅಲ್ಲಿ ಇಆರ್‌ಪಿ44 ಅನ್ನುವ ಪ್ರೋಟೀನ್ ವಾಚ್‌ಮನ್ ಥರ ಅಡಿಪೊನೆಕ್ಟಿನ್ನನ್ನು ಹಿಡಿದಿಟ್ಟುಕೊಂಡಿರುತ್ತದೆ. ಇಆರ್‌ಒ1-ಎಲ್ ಆಲ್ಫಾ ಅನ್ನುವ ಇನ್ನೊಂದು ಪ್ರೋಟೀನ್ ಬಂದು ಆ ಹಿಡಿತ ಬಿಡಿಸಿದರೆ ಮಾತ್ರ ಮಾಲು ಹೊರಗೆ.

ಕೋಶ ಅಳತೆ ಮೀರಿ ಉಬ್ಬಿದರೆ ಅದಕ್ಕೆ ಆಮ್ಲಜನಕ ಸಾಲದು, ಜೋಡಣೆ ಕೋಣೆ ಒತ್ತಡಕ್ಕೆ ಸಿಲುಕುತ್ತದೆ, ಬಿಡುಗಡೆ ಮಾಡುವವರೇ ಕಡಿಮೆಯಾಗುತ್ತಾರೆ. ಪಯೋಗ್ಲಿಟಜೋನ್ ಗುಂಪಿನ ಸಕ್ಕರೆ ಮಾತ್ರೆಗಳು ಅಡಿಪೊನೆಕ್ಟಿನ್ ಏರಿಸುವ ದಾರಿಗಳಲ್ಲಿ ಈ ಬಿಡುಗಡೆಯನ್ನು ಚುರುಕುಗೊಳಿಸುವುದೂ ಒಂದು. ಇದರ ಜೊತೆಗೇ ಉಬ್ಬಿದ ಕೊಬ್ಬಿನೊಳಗೆ ರಕ್ಷಣಾ ಕೋಶಗಳು ನುಗ್ಗಿ ಉರಿಯೂತ ಶುರುವಾಗುತ್ತದೆ. ಉರಿಯೂತ ಹೆಚ್ಚಿಸುವ ಟಿಎನ್‌ಎಫ್-ಆಲ್ಫಾ ಅನ್ನುವ ವಸ್ತು ದಪ್ಪ ಇಲಿಗಳ ಕೊಬ್ಬಿನಿಂದಲೇ ಹೊರಟು ಇನ್ಸುಲಿನ್ ಕೆಲಸಕ್ಕೆ ಅಡ್ಡಿ ಮಾಡುತ್ತದೆ ಅನ್ನೋದು 1993ರಲ್ಲೇ ಗೊತ್ತಾಗಿತ್ತು.

ಹಾಗಂತ ಕೊಬ್ಬೇ ಬೇಡ ಅಂದುಕೊಂಡರೆ? ಲಿಪೊಡಿಸ್ಟ್ರೋಫಿ ಅನ್ನುವ ಅಪರೂಪದ ಕಾಯಿಲೆ ಇದ್ದವರ ಮೈಯಲ್ಲಿ ಕೊಬ್ಬು ಇರುವುದೇ ಇಲ್ಲ ಅನ್ನುವಷ್ಟು ಕಡಿಮೆ. ಅವರಿಗೆ ಬರುವುದು ಭೀಕರ ಸಕ್ಕರೆ ಕಾಯಿಲೆ. ಇಡಲು ಜಾಗವಿಲ್ಲದ ಕೊಬ್ಬು ಲಿವರ್, ಸ್ನಾಯುಗಳಲ್ಲಿ ಸೇರಿಕೊಳ್ಳುತ್ತದೆ. ಬೊಜ್ಜಿನ ಮೇಲೆ ಸೋತ ಲೆಪ್ಟಿನ್ ಇಂಜೆಕ್ಷನ್ ಇವರಲ್ಲಿ ಗೆದ್ದಿತು. 2014ರಲ್ಲಿ ಅಮೆರಿಕದ ಎಫ್‌ಡಿಎ ಅದಕ್ಕೆ ಒಪ್ಪಿಗೆ ಕೊಟ್ಟಿತು. ಹಾಗಾಗಿ ಕೇಳಬೇಕಾದ ಪ್ರಶ್ನೆ ಕೊಬ್ಬು ಎಷ್ಟಿದೆ ಅನ್ನೋದಷ್ಟೇ ಅಲ್ಲ. ಅದು ಎಲ್ಲಿದೆ, ಎಷ್ಟು ಆರೋಗ್ಯವಾಗಿದೆ ಅನ್ನೋದನ್ನೂ ಕೇಳಬೇಕು.

ಪುಣೆ, ಮೈಸೂರು ಮತ್ತು ನನ್ನ ಹಸಿರು ಸ್ಟಿಕ್ಕರ್

2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಫೋಟೋ ಬಂತು. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯೂಡ್ಕಿನ್ ಅಕ್ಕಪಕ್ಕ ನಿಂತ ಚಿತ್ರ. ಇಬ್ಬರ ಬಿಎಂಐ ಕೂಡ 22.3. ಮೈಯಲ್ಲಿನ ಕೊಬ್ಬು ಮಾತ್ರ ಯೂಡ್ಕಿನ್‌ಗೆ 9.1%, ಯಾಜ್ಞಿಕ್‌ಗೆ 21.2%. ‘ತೆಳ್ಳಗೆ ಕಾಣುವ ದಪ್ಪ ಭಾರತೀಯ’ನ ಚಿತ್ರ ಇದು.

ಇದು ಹುಟ್ಟಿನಿಂದಲೇ ಶುರುವಾಗುತ್ತದೆ ಅನ್ನೋದು ಯಾಜ್ಞಿಕ್ ತಂಡದ ವಾದ. ಪುಣೆ ಸುತ್ತಲಿನ ಹಳ್ಳಿಗಳಲ್ಲಿ ಹುಟ್ಟಿದ ಶಿಶುಗಳ ಸರಾಸರಿ ತೂಕ 2.7 ಕೆಜಿ, ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳದ್ದು 3.5 ಕೆಜಿ. ಕಡಿಮೆ ಬಿದ್ದಿದ್ದು ಮುಖ್ಯವಾಗಿ ಸ್ನಾಯು ಮತ್ತು ಒಳ ಅಂಗಾಂಗ, ಚರ್ಮದಡಿಯ ಕೊಬ್ಬು ಬಹುಮಟ್ಟಿಗೆ ಉಳಿದಿತ್ತು. ಅರೆಹೊಟ್ಟೆಯ ತಾಯಿಯ ಗರ್ಭದಲ್ಲಿ ಮಗು ಮಿದುಳು ಮತ್ತು ಕೊಬ್ಬನ್ನು ಉಳಿಸಿಕೊಂಡು, ಸ್ನಾಯುವಿನ ಖರ್ಚನ್ನು ಕಡಿತ ಮಾಡಿದ ಹಾಗೆ.

ಮೈಸೂರಿನವರಿಗೆ ಮಿಷನ್ ಆಸ್ಪತ್ರೆ ಅಂತ ಗೊತ್ತಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಗೆ ಈ ಕಥೆಯಲ್ಲಿ ದೊಡ್ಡ ಪಾತ್ರವಿದೆ. ಅಲ್ಲಿ 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ದಶಕಗಳ ನಂತರ ಸಂಶೋಧಕರು ಆ ಲೆಡ್ಜರ್ ಹಿಡಿದು, ಆಗಿನ ಶಿಶುಗಳನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚು ಅಂತ 1996ರಲ್ಲಿ ವರದಿಯಾಯಿತು. ಸಕ್ಕರೆ ಕಾಯಿಲೆ ಹೆಚ್ಚಿದ್ದದ್ದು ಹುಟ್ಟುವಾಗ ಗಿಡ್ಡವಾಗಿದ್ದು, ಉದ್ದಕ್ಕೆ ಹೋಲಿಸಿದರೆ ಗುಂಡಗಿದ್ದವರಲ್ಲಿ ಅಂತ 1998ರಲ್ಲಿ ವರದಿಯಾಯಿತು.

ಇನ್ನೊಂದು ವಿವರಣೆಯೂ ಇದೆ. ಚರ್ಮದಡಿಯ ಕೊಬ್ಬು ಸುರಕ್ಷಿತ ಗೋದಾಮು. ದಕ್ಷಿಣ ಏಷ್ಯಾದವರಲ್ಲಿ ಅದರ ಸಾಮರ್ಥ್ಯ ಕಡಿಮೆ, ಬೇಗ ತುಂಬಿ ಹೊಟ್ಟೆಯೊಳಕ್ಕೆ, ಲಿವರ್‌ಗೆ ಹರಿಯುತ್ತದೆ ಅನ್ನೋದು ಅದರ ಸಾರ. ಯುರೋಪಿನ ಮೂಲದವರಿಗೆ ಹೋಲಿಸಿದಾಗ ದಕ್ಷಿಣ ಏಷ್ಯಾದ ಗಂಡಸರಲ್ಲಿ ಕೊಬ್ಬಿನ ಕೋಶಗಳು ದೊಡ್ಡವಾಗಿದ್ದು, ಅಡಿಪೊನೆಕ್ಟಿನ್ ಕಡಿಮೆ ಇದ್ದದ್ದು ಇದಕ್ಕೆ ಹೊಂದುತ್ತದೆ. ಗೆಳೆಯನ ಕೆಂಪು ಸ್ಟಿಕ್ಕರ್, ನನ್ನ 6.1 ಎರಡೂ ನನಗೆ ಅರ್ಥವಾಗಿದ್ದು ಇದನ್ನೆಲ್ಲ ಓದಿದ ಮೇಲೆ. ಅವನ ಗೋದಾಮು ಬಹುಶಃ ದೊಡ್ಡದಿತ್ತು, ನನ್ನದು ಸಣ್ಣದು.

ಇದರಲ್ಲಿ ರಾಜಕೀಯ ಎಲ್ಲಿಂದ ಬಂತು?

2025ರ ಫೆಬ್ರವರಿಯ ಮನ್ ಕಿ ಬಾತ್‌ನಲ್ಲಿ ಪ್ರಧಾನಿ ಮೋದಿ ಬೊಜ್ಜಿನ ಬಗ್ಗೆ ಮಾತಾಡಿ, ಅಡುಗೆ ಎಣ್ಣೆ 10% ಕಡಿಮೆ ಮಾಡಿ ಅಂದರು. ಸಲಹೆ ತಪ್ಪಲ್ಲ. ಆದರೆ ಪೂರ್ತಿ ಜವಾಬ್ದಾರಿ ಒಗ್ಗರಣೆ ಸೌಟು ಹಿಡಿದವರ ಮೇಲೆ ಬಿತ್ತು. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಹೊಸ್ತಿಲಲ್ಲಿದ್ದಾರೆ. ಹೊಟ್ಟೆಯ ಬೊಜ್ಜು 39.5% ಜನರಲ್ಲಿದೆ. ಅದೇ ಹೊತ್ತಿಗೆ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಂತೆ 18.7% ಮಹಿಳೆಯರು ಇರಬೇಕಾದ್ದಕ್ಕಿಂತ ಕಡಿಮೆ ತೂಕದವರು, 24% ಮಹಿಳೆಯರು ಹೆಚ್ಚು ತೂಕದವರು. ಇವು ಎರಡು ಬೇರೆ ಬೇರೆ ದೇಶಗಳ ಕಥೆಯಲ್ಲ. ಮೊದಲನೇ ಗುಂಪಿನ ತಾಯಿಯ ಮಗಳು ಪಟ್ಟಣಕ್ಕೆ ಬಂದು, ಅಗ್ಗದ ಅನ್ನ ಮತ್ತು ಬಿಸ್ಕತ್ತಿನ ಮೇಲೆ ಬದುಕಿ, ದಿನವಿಡೀ ಹೊಲಿಗೆ ಮೆಷಿನ್ ಮುಂದೆ ಕೂತು ಎರಡನೇ ಗುಂಪಿಗೆ ಸೇರಬಹುದು. ಅವಳ ಕೊಬ್ಬಿನ ಕೋಶಗಳಿಗೆ ಬರಗಾಲದ ಪಾಠ ಗರ್ಭದಲ್ಲೇ ಆಗಿರುತ್ತದೆ.

ಆದ್ದರಿಂದ ಶಾಲೆಯ ಮೊಟ್ಟೆಯೂ ಸಕ್ಕರೆ ಕಾಯಿಲೆಯ ವಿಷಯವೇ ಅನ್ನೋದು ನನ್ನ ವಾದ. ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ವಾರಕ್ಕೆ 6 ದಿನ ಮೊಟ್ಟೆ ಕೊಡುವ ಯೋಜನೆ 2024ರಲ್ಲಿ ಶುರುವಾಯಿತು. ಮೊಟ್ಟೆ ಬೇಕೋ ಬೇಡವೋ ಅಂತ ಟಿವಿಯಲ್ಲಿ ಮಠ, ಜಾತಿ, ಸಂಸ್ಕೃತಿಯ ಚರ್ಚೆ ನಡೆಯುವಾಗ ಒಂದು ಮಾತು ತಪ್ಪಿಹೋಗುತ್ತದೆ: ಅಲ್ಲಿ ಸಾಲಿನಲ್ಲಿ ಕೂತ ಹುಡುಗಿಯರಲ್ಲಿ ಹಲವರು ಮುಂದೆ ತಾಯಂದಿರು. ಅವರ ಸ್ನಾಯು, ರಕ್ತ, ಪೋಷಣೆ ಇನ್ನೊಂದು ತಲೆಮಾರಿನ ಮೈಯ ಲೆಕ್ಕಕ್ಕೂ ಸೇರುತ್ತದೆ.

ಔಷಧಗಳ ಕಡೆ ನೋಡಿದರೆ ಅಂತರ ಇನ್ನೂ ಢಾಳಾಗಿ ಕಾಣುತ್ತದೆ. ಕರುಳಿನ ಹಾರ್ಮೋನುಗಳನ್ನು ಅನುಕರಿಸುವ ಹೊಸ ತೂಕ ಇಳಿಕೆ ಇಂಜೆಕ್ಷನ್‌ಗಳಲ್ಲಿ ಒಂದಾದ ಮೌಂಜಾರೊ 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದಾಗ, ಅತಿ ಕಡಿಮೆ ಡೋಸಿನ ಒಂದು ವಾರದ ಸೀಸೆಗೆ 3,500 ರೂಪಾಯಿ ಇತ್ತು. ತಿಂಗಳಿಗೆ 14,000. ಇವು ಕೆಲಸ ಮಾಡುತ್ತವೆ ಅನ್ನೋದರಲ್ಲಿ ಅನುಮಾನವಿಲ್ಲ. ಆದರೆ ಇದೇ ಬಗೆಯ ಸೆಮಾಗ್ಲುಟೈಡ್ ನಿಲ್ಲಿಸಿದವರಿಗೆ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ವಾಪಸ್ ಬಂದಿತ್ತು. ಅಂದರೆ ಇದು ವರ್ಷಗಟ್ಟಲೆ ಕಟ್ಟಬೇಕಾದ ಕಂತು.

ಸದ್ಯಕ್ಕೆ ನಾವೇನು ಮಾಡಬಹುದು?

ಬಿಎಂಐ ಒಂದನ್ನೇ ನಂಬಬೇಡಿ. ಬೊಜ್ಜನ್ನು ಗುರುತಿಸಲು ಅದೊಂದೇ ಸಾಲದು ಅಂತ 2025ರ ಜನವರಿಯಲ್ಲಿ ಲ್ಯಾನ್ಸೆಟ್‌ನ ತಜ್ಞರ ಆಯೋಗವೇ ಹೇಳಿದೆ. ಭಾರತೀಯರಿಗೆ ಬಿಎಂಐ ಎಚ್ಚರಿಕೆಯ ಗಡಿ 25 ಅಲ್ಲ, 23. ಅದಕ್ಕಿಂತ ಸುಲಭವಾದದ್ದು ಟೈಲರ್ ಟೇಪ್. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದ್ದರೆ, ತೂಕ ಎಷ್ಟೇ ಇರಲಿ, ಸಕ್ಕರೆ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದ್ದರೆ ಮೂವತ್ತಕ್ಕೇ ಮಾಡಿಸಿ. ನಡಿಗೆ, ಭಾರ ಎತ್ತುವ ವ್ಯಾಯಾಮ, ನಿದ್ದೆ, ತಟ್ಟೆಯಲ್ಲಿ ಅನ್ನ ಸ್ವಲ್ಪ ಕಡಿಮೆ ಕಾಳು ಹೆಚ್ಚು, ಇವೆಲ್ಲ ತೂಕ ಇಳಿಯದಿದ್ದರೂ ಇನ್ಸುಲಿನ್‌ಗೆ ನೆರವಾಗುತ್ತವೆ. ತೂಕದ ಯಂತ್ರದಲ್ಲಿ ಬದಲಾವಣೆ ಕಾಣಲಿಲ್ಲ ಅಂತ ಬಿಟ್ಟುಬಿಡಬೇಡಿ.

ನನ್ನ ಗೆಳೆಯ ಈಗಲೂ ದಪ್ಪಗೇ ಇದ್ದಾನೆ, ವಾರಕ್ಕೆ ಮೂರು ದಿನ ಬ್ಯಾಡ್ಮಿಂಟನ್ ಆಡುತ್ತಾನೆ. ನಾನು ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ನಡೆಯುತ್ತೇನೆ. ಕಳೆದ ಸಲ ಎಚ್‌ಬಿಎ1ಸಿ 5.8 ಬಂತು. ತೂಕ ಕಡಿಮೆಯಾಗಿದ್ದು ಒಂದೂವರೆ ಕೆಜಿ ಅಷ್ಟೇ.